ಡ್ರಮ್ಮಿಗೆ ಅದ್ದಿದ ಕತ್ತಿ: ರಸಾಯನಶಾಸ್ತ್ರದಲ್ಲಿ ಸಿದ್ಧಾಂತ ಮೊದಲೋ, ಕಸುಬು ಮೊದಲೋ?

ಪ್ರಶ್ನೆ: ತುಂಗೆಯ ದಂಡೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಿಜ್ಞಾನ ತತ್ತ್ವವನ್ನು ಕಂಡುಹಿಡಿಯುತ್ತದೆ, ತಂತ್ರಜ್ಞಾನ ಅದನ್ನು ಬಳಕೆಗೆ ತರುತ್ತದೆ ಎಂಬ ಮಾಮೂಲಿ ಮಾತನ್ನು ಕಳೆದ ವಾರ ತರಗತಿಯಲ್ಲಿ ಹೇಳಿ ಮುಂದಕ್ಕೆ ಹೋಗುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಜ್ಜ ನಾಲ್ಕನೇ ಕ್ಲಾಸಿನಾಚೆ ಓದಿದವರಲ್ಲವಂತೆ. ಆದರೂ ಅಡಿಕೆಗೆ ಬೋರ್ಡೋ (ಕಾಯಿ ಕೊಳೆಯದಿರಲೆಂದು ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುವ ಮುನ್ನ ಪ್ರತಿಯೊಂದು ಡ್ರಮ್ಮಿಗೂ ಕತ್ತಿ ಅದ್ದಿ ನೋಡುತ್ತಾರಂತೆ, ಕತ್ತಿ ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಸುರಿಸುತ್ತಾರಂತೆ. "ಅಜ್ಜನಿಗೆ ತತ್ತ್ವ ಗೊತ್ತಿಲ್ಲ ಮೇಡಂ, ಆದರೆ ಒಂದು ಸಲವೂ ತಪ್ಪಿಲ್ಲ" ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ನನ್ನ ಬಳಿ ಉತ್ತರವಿರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ರಸಾಯನಶಾಸ್ತ್ರವು ಶಾಸ್ತ್ರವಾಗಿ ರೂಪುಗೊಂಡ ಹದಿನೆಂಟನೆಯ ಶತಮಾನ ಮತ್ತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯಾವುದು ಯಾವುದನ್ನು ಎಳೆದುಕೊಂಡು ಹೋಯಿತು? ವಸ್ತು ಉರಿಯುವುದೆಂದರೆ ಆಮ್ಲಜನಕದ ಜೊತೆ ಸೇರುವುದು ಎಂಬ ಹೊಸ ಸಿದ್ಧಾಂತ ಕೊಟ್ಟ ಲವಾಸಿಯೆಯ ಪಠ್ಯಗ್ರಂಥ ಹೊರಬಂದದ್ದು 1789ರಲ್ಲಿ. ಗಾಜು, ಸಾಬೂನುಗಳಿಗೆ ಬೇಕಾದ ಸೋಡಾವನ್ನು ಉಪ್ಪಿನಿಂದ ತಯಾರಿಸುವ ವಿಧಾನಕ್ಕೆ ಲೆಬ್ಲಾಂಕ್ ಹಕ್ಕುಪತ್ರ ಪಡೆದದ್ದು 1791ರಲ್ಲಿ. ಎರಡೂ ಫ್ರಾನ್ಸಿನಲ್ಲೇ, ನಡುವೆ ಎರಡೇ ವರ್ಷ. ಹೊಸ ಸಿದ್ಧಾಂತ ಬಂದಿತು, ಹೊಸ ಕೈಗಾರಿಕೆ ಹಿಂಬಾಲಿಸಿತು ಎಂದು ಮಕ್ಕಳಿಗೆ ಹೇಳಿಬಿಡುವ ಆಸೆಯಾಗುತ್ತದೆ. ಹಾಗೆ ಹೇಳಬಹುದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ತೋಟದ ಮನೆ, ಹೊಸನಗರ

ಮೇಡಂ, ಆ ಹುಡುಗನ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಮರಳಿದವನು. ಮಳೆಗಾಲ ಬಂತೆಂದರೆ ನಾನೂ ಕತ್ತಿ ಅದ್ದುತ್ತೇನೆ. ಕತ್ತಿಯ ವಿಷಯವನ್ನಷ್ಟೇ ಹೇಳುತ್ತೇನೆ, ಸೋಡಾದ ವಿಷಯವನ್ನು ಬಲ್ಲವರು ಹೇಳಲಿ.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಮೈಲುತುತ್ತವೆಂದರೆ ಗಂಧಕಾಮ್ಲದ ಜೊತೆ ತಾಮ್ರ ಸೇರಿರುವ ಲವಣ. ಸುಣ್ಣ ಸಾಕಷ್ಟಿದ್ದರೆ ಅದು ತಾಮ್ರದಿಂದ ಆಮ್ಲವನ್ನು ಕಿತ್ತುಕೊಳ್ಳುತ್ತದೆ, ತಾಮ್ರವು ನೀರಿನಲ್ಲಿ ಕರಗದ ನೀಲಿ ಗಸಿಯಾಗಿ ಎಲೆ, ಕಾಯಿಗಳ ಮೇಲೆ ಅಂಟಿ ನಿಲ್ಲುತ್ತದೆ. ಸುಣ್ಣ ಕಡಿಮೆಯಾದರೆ ಒಂದಷ್ಟು ತಾಮ್ರ ಕರಗಿದ ಸ್ಥಿತಿಯಲ್ಲೇ ಉಳಿದು ಎಳೆಗಾಯಿಯನ್ನು ಸುಡುತ್ತದೆ. ಕಬ್ಬಿಣದ ಕತ್ತಿ ಅದ್ದಿದಾಗ ಈ ಕರಗಿದ ತಾಮ್ರದ ಜಾಗಕ್ಕೆ ಕಬ್ಬಿಣ ಇಳಿಯುತ್ತದೆ, ತಾಮ್ರ ಹೊರಬಿದ್ದು ಕತ್ತಿಯ ಮೇಲೆ ಕೆಂಪಗೆ ಕೂರುತ್ತದೆ.

ಈಗ 1718ಕ್ಕೆ ಹೋಗೋಣ. ಪ್ಯಾರಿಸಿನ ಜೊಫ್ರ್ವಾ ಎಂಬವನು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಹದಿನಾರು ಕಂಬಸಾಲುಗಳ ಒಂದು ಕೋಷ್ಟಕವನ್ನು ಇಟ್ಟ. ಯಾವ ವಸ್ತುವಿಗೆ ಯಾವುದರ ಮೇಲೆ ನಂಟು ಹೆಚ್ಚು, ಯಾವುದರ ಮೇಲೆ ಕಡಿಮೆ ಎಂಬುದರ ಪಟ್ಟಿ ಅದು. ಗಂಧಕಾಮ್ಲದ ಕಂಬಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಓದಿದರೆ, ಕ್ಷಾರಗಳ ಕೆಳಗೆ ಸುಣ್ಣದ ಜಾತಿಯ ಮಣ್ಣು, ಅದರ ಕೆಳಗೆ ಕಬ್ಬಿಣ, ಅದರ ಕೆಳಗೆ ತಾಮ್ರ, ಕೊನೆಗೆ ಬೆಳ್ಳಿ. ಮೇಲಿರುವುದು ಕೆಳಗಿರುವುದನ್ನು ಆಮ್ಲದಿಂದ ಹೊರಗಟ್ಟುತ್ತದೆ. ಅಂದರೆ ಡ್ರಮ್ಮಿನೊಳಗೆ ಸುಣ್ಣ ಮಾಡುವ ಕೆಲಸವೂ ಕತ್ತಿ ಮಾಡುವ ಕೆಲಸವೂ ಆ ಒಂದೇ ಕಂಬಸಾಲಿನಲ್ಲಿವೆ! ಇದನ್ನು ಮೊದಲ ಬಾರಿಗೆ ಓದಿದ ದಿನ ನಾನು ಎದ್ದು ಹೋಗಿ ಅಂಗಳದಲ್ಲಿದ್ದ ಡ್ರಮ್ಮನ್ನು ಸುಮ್ಮನೆ ಒಮ್ಮೆ ನೋಡಿ ಬಂದೆ.

ಆದರೆ ಜೊಫ್ರ್ವಾ ಈ ಕೋಷ್ಟಕವನ್ನು ಶೂನ್ಯದಿಂದ ಹೆಣೆಯಲಿಲ್ಲ ಎಂಬುದು ಇಲ್ಲಿ ಮುಖ್ಯ. ಅವನು ಔಷಧ ವ್ಯಾಪಾರಿಗಳ ಮನೆತನದವನು. ಕೋಷ್ಟಕದಲ್ಲಿರುವ ವಸ್ತುಗಳಲ್ಲಿ ಬಹುಪಾಲು ಔಷಧ ತಯಾರಕರ ಕಪಾಟಿನಲ್ಲೋ, ಚಿನ್ನ ಬೆಳ್ಳಿಯ ಪರಿಶುದ್ಧತೆ ಪರೀಕ್ಷಿಸುವವರ ಮೂಸೆಯಲ್ಲೋ ದಿನನಿತ್ಯ ಇದ್ದಂಥವು. ಬೆಳ್ಳಿ ಕರಗಿದ ಆಮ್ಲಕ್ಕೆ ತಾಮ್ರದ ತಗಡು ಹಾಕಿ ಬೆಳ್ಳಿಯನ್ನು ಮರಳಿ ಪಡೆಯುವುದು ಅಕ್ಕಸಾಲೆಗಳಿಗೆ ಮೊದಲೇ ತಿಳಿದಿತ್ತು. ಹಂಗೇರಿಯ ತಾಮ್ರದ ಗಣಿಗಳ ನೀರಿನಲ್ಲಿ ಕಬ್ಬಿಣದ ಚೂರುಗಳನ್ನು ನೆನೆಹಾಕಿ ತಾಮ್ರ ತೆಗೆಯುವುದೂ ರೂಢಿಯಲ್ಲಿತ್ತು. ಅದನ್ನು ಕಂಡ ರಸವಾದಿಗಳು ಕಬ್ಬಿಣವೇ ತಾಮ್ರವಾಗಿ ಮಾರ್ಪಟ್ಟಿತೆಂದು ನಂಬಿದ್ದೂ ಉಂಟು. ಜೊಫ್ರ್ವಾ ಮಾಡಿದ್ದು ಈ ಚದುರಿದ ಕಸುಬಿನ ಅರಿವನ್ನು ಒಂದು ಕ್ರಮದಲ್ಲಿ ಕೂರಿಸಿದ್ದು. ಕ್ರಮ ಬಂದ ಮೇಲೆ, ಯಾರೂ ಮಾಡಿ ನೋಡದ ಜೋಡಿಯ ಬಗ್ಗೆಯೂ ಮುಂಚಿತವಾಗಿ ಹೇಳಲು ಸಾಧ್ಯವಾಯಿತು. ಅಕ್ಕಸಾಲೆಗೆ ಅದು ಸಾಧ್ಯವಿರಲಿಲ್ಲ.

ಬೋರ್ಡೋ ಕತೆಯೂ ಇಂಥದ್ದೇ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೋರ್ಡೋ ಸೀಮೆಯ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದ್ದನ್ನು 1882ರಲ್ಲಿ ಗಮನಿಸಿದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಶಿಲೀಂಧ್ರವನ್ನು ವಿವರಿಸಿ ಇದೇ ದ್ರಾವಣವನ್ನು ಅಡಿಕೆಗೆ ತಂದರು. ಅದಕ್ಕೂ ಮೊದಲು ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟುವುದೊಂದೇ ದಾರಿಯಾಗಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಉತ್ತರ: ಹಳೇ ಕುಲುಮೆ, ಭದ್ರಾವತಿ

ತೋಟದ ಮನೆಯವರ ಮಾತು ಸೊಗಸಾಗಿದೆ. ನಾನು ಭದ್ರಾವತಿಯಲ್ಲಿ ಅದಿರು, ಕಬ್ಬಿಣಗಳ ವಿಶ್ಲೇಷಣೆ ಮಾಡುತ್ತ ಆಯುಷ್ಯ ಕಳೆದವನಾದ್ದರಿಂದ ಬೆಂಕಿಯ ಕಡೆಯಿಂದ ಒಂದಿಷ್ಟು ಹೇಳಲು ಅಪ್ಪಣೆ ಕೊಡಿ.

ಫ್ಲಾಜಿಸ್ಟನ್ ಎಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ನಗೆಪಾಟಲು. ಉರಿಯುವ ವಸ್ತುವಿನಿಂದ ಹೊರಹೋಗುವ, ಕಣ್ಣಿಗೆ ಕಾಣದ ತತ್ತ್ವವೊಂದಿದೆಯೆಂದು ಜರ್ಮನಿಯ ಸ್ಟಾಲ್ ಹೇಳಿದ, ಲವಾಸಿಯೆ ಬಂದು ಸುಳ್ಳೆಂದು ತೋರಿಸಿದ, ಅಲ್ಲಿಗೆ ಕತೆ ಮುಗಿಯಿತು. ಕುಲುಮೆಯ ಮುಂದೆ ನಿಂತವನಿಗೆ ಅದು ಅಷ್ಟು ಪೆದ್ದುತನವಾಗಿ ಕಾಣುವುದಿಲ್ಲ. ಕೆಮ್ಮಣ್ಣುಗುಂಡಿಯ ಕೆಂಪು ಅದಿರನ್ನು ಎಷ್ಟೇ ಕಾಯಿಸಿ, ಅದು ಮಣ್ಣಾಗಿಯೇ ಇರುತ್ತದೆ. ಇದ್ದಿಲಿನ ಜೊತೆ ಕಾಯಿಸಿದರೆ ಲೋಹವಾಗುತ್ತದೆ. ಲೋಹವನ್ನು ಗಾಳಿಯಲ್ಲಿ ಸುಟ್ಟರೆ ಮತ್ತೆ ಮಣ್ಣು. ಇದ್ದಿಲು ಉರಿದು ಬೂದಿ ಉಳಿಯುವುದೋ ಒಂದು ಚಿಟಿಕೆ. ಹಾಗಿದ್ದ ಮೇಲೆ ಇದ್ದಿಲಿನೊಳಗೆ ತುಂಬಿಕೊಂಡಿದ್ದ ಏನೋ ಒಂದು ಅದಿರಿಗೆ ಸೇರಿ ಲೋಹವಾಯಿತು ಎನ್ನುವುದಕ್ಕಿಂತ ಸಹಜವಾದ ವಿವರಣೆ ಯಾವುದಿದೆ? ಅದಿರು ಕರಗಿಸುವವನ ಅನುಭವವನ್ನೇ ಸ್ಟಾಲ್ ತತ್ತ್ವವಾಗಿ ಬರೆದ. ಸೀಸವನ್ನು ಗಾಳಿಯಲ್ಲಿ ಸುಟ್ಟಾಗ ಉಳಿಯುವ ಭಸ್ಮವನ್ನು ಇದ್ದಿಲಿನಿಂದ ಮಾತ್ರವಲ್ಲ, ಮೇಣ, ಎಣ್ಣೆಯಂಥ ಉರಿಯುವ ಯಾವುದರಿಂದಲೂ ಮತ್ತೆ ಸೀಸವಾಗಿಸಬಹುದೆಂಬ ಅದರ ಊಹೆ ನಿಜವೂ ಆಗಿತ್ತು. ತಪ್ಪಿದ್ದು ತೂಕದಲ್ಲಿ. ಭಸ್ಮ ಲೋಹಕ್ಕಿಂತ ಭಾರ. ಏನೋ ಹೊರಹೋದ ಮೇಲೆ ಭಾರ ಹೆಚ್ಚುವುದು ಹೇಗೆ? ಕಸುಬುದಾರನಿಗೆ ಈ ಪ್ರಶ್ನೆ ತೊಂದರೆ ಕೊಡಲಿಲ್ಲ. ಹೊಗೆಕೊಳವೆಯಲ್ಲಿ ಮೇಲೆ ಹೋಗುವ ಗಾಳಿಯನ್ನು ತೂಗುವುದು ಅವನ ಕೆಲಸವಲ್ಲ.

ತೂಗಿದವನು ಲವಾಸಿಯೆ. ಆದರೆ ಅವನನ್ನು ಬರೀ ತತ್ತ್ವಜ್ಞಾನಿಯೆಂದು ತಿಳಿಯಬೇಡಿ. 1775ರಿಂದ ಅವನು ಫ್ರಾನ್ಸಿನ ಸಿಡಿಮದ್ದು ಇಲಾಖೆಯ ಮುಖ್ಯಸ್ಥರಲ್ಲೊಬ್ಬ. ಅವನ ಮನೆ, ಪ್ರಯೋಗಾಲಯ ಎರಡೂ ಪ್ಯಾರಿಸಿನ ಶಸ್ತ್ರಾಗಾರದಲ್ಲೇ ಇದ್ದವು. ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು ಎಲ್ಲಿಂದ ಬರುತ್ತದೆ, ಹೆಚ್ಚು ಪಡೆಯುವುದು ಹೇಗೆ ಎಂಬುದು ಅವನ ಹುದ್ದೆಯ ಚಿಂತೆ. ತೆರಿಗೆ ವಸೂಲಿಯ ಸಂಸ್ಥೆಯಲ್ಲೂ ಅವನಿಗೆ ಪಾಲಿತ್ತು. ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು, ಬಾಕಿ ಎಲ್ಲಿ ಎಂದು ಕೇಳುವ ಲೆಕ್ಕಿಗನ ಬುದ್ಧಿ ಅವನ ತಕ್ಕಡಿಯಲ್ಲೂ ಕಾಣುತ್ತದೆ ಎಂಬುದು ನನ್ನ ಸ್ವಂತ ಅಭಿಪ್ರಾಯ.

ನೀರಿನ ಕತೆ ಇನ್ನೂ ಚೆನ್ನ. ನೀರು ಮೂಲವಸ್ತುವಲ್ಲವೆಂದು ತೋರಿಸಲು ಲವಾಸಿಯೆ ಮತ್ತು ಸೇನಾ ಇಂಜಿನಿಯರ್ ಮ್ಯೂನಿಯೆ 1784ರ ಹೊತ್ತಿಗೆ ಕೆಂಪಗೆ ಕಾದ ಕೋವಿಯ ನಳಿಗೆಯ ಮೂಲಕ ಹಬೆ ಹಾಯಿಸಿದರು. ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಂಡಿತು, ಜಲಜನಕ ಹೊರಬಂತು. ಆ ಪ್ರಯೋಗದ ಹಿಂದೆಯೇ ಬಲೂನಿನ ಹುಚ್ಚಿತ್ತು: 1783ರ ಆಗಸ್ಟಿನಲ್ಲಿ ಪ್ಯಾರಿಸಿನಿಂದ ಮೇಲೆದ್ದ ಮೊದಲ ಜಲಜನಕ ಬಲೂನಿಗೆ ಕಬ್ಬಿಣದ ಚೂರನ್ನೂ ಗಂಧಕಾಮ್ಲವನ್ನೂ ರಾಶಿಗಟ್ಟಲೆ ಬಳಸಬೇಕಾಗಿತ್ತು, ಅಗ್ಗದ ಅನಿಲದ ಹುಡುಕಾಟ ನಡೆದಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಫ್ರೆಂಚ್ ಕ್ರಾಂತಿಯ ಸೇನೆಗೆ ಯುದ್ಧಭೂಮಿಯ ಮೇಲೆ ಕಾವಲು ಬಲೂನು ಬೇಕಾಯಿತು. ಗಂಧಕವೆಲ್ಲ ಸಿಡಿಮದ್ದಿಗೆ ಮೀಸಲಾಗಿದ್ದರಿಂದ ಆಮ್ಲ ಬಳಸುವಂತಿರಲಿಲ್ಲ. ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸುವ ಅದೇ ವಿಧಾನವನ್ನು ದೊಡ್ಡ ಒಲೆಗಳಲ್ಲಿ ಮಾಡಿದರು. 1794ರ ಜೂನ್‌ನಲ್ಲಿ ಫ್ಲ್ಯೂರಸ್ ಕಾಳಗದಲ್ಲಿ ಆ ಬಲೂನು ಮೇಲಿತ್ತು. ಲವಾಸಿಯೆಯ ತಲೆ ಅದಕ್ಕೂ ಒಂದೂವರೆ ತಿಂಗಳ ಮೊದಲೇ ಉರುಳಿತ್ತು.

ಉಕ್ಕಿನ ವಿಷಯ ಬಿಟ್ಟರೆ ನಮ್ಮ ಊರಿಗೆ ಅಪಚಾರ. ಬೀಡುಕಬ್ಬಿಣ, ಉಕ್ಕು, ಮೆದುಕಬ್ಬಿಣಗಳ ನಡುವಿನ ವ್ಯತ್ಯಾಸವೇನೆಂದು ಕಮ್ಮಾರರು ಕೈಯಿಂದ ಬಲ್ಲರು, ಕಾರಣ ಯಾರಿಗೂ ತಿಳಿದಿರಲಿಲ್ಲ. ಗಂಧಕ, ಲವಣಗಳು ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆಂದು ರೋಮರ್ 1722ರಲ್ಲಿ ಬರೆದ. ಸ್ವೀಡನ್ನಿನ ಬೆರ್ಗ್‌ಮನ್ 1781ರಲ್ಲಿ ಮೂರನ್ನೂ ಆಮ್ಲದಲ್ಲಿ ಕರಗಿಸಿ, ತಳದಲ್ಲಿ ಉಳಿಯುವ ಕಪ್ಪು ಪುಡಿಯನ್ನು ತೂಗಿದ. 1786ರಲ್ಲಿ ಬರ್ತೊಲೆ, ಮೋಂಜ್, ವಾಂಡರ್ಮೋಂಡ್ ಮೂವರೂ ಸೇರಿ, ಆ ವ್ಯತ್ಯಾಸಕ್ಕೆ ಇಂಗಾಲವೇ ಕಾರಣವೆಂದು ಹೊಸ ಸಿದ್ಧಾಂತದ ಭಾಷೆಯಲ್ಲಿ ಹೇಳಿದರು. ಯುದ್ಧ ಬಂದಾಗ ಅವರೇ ಕಮ್ಮಾರರಿಗಾಗಿ ಉಕ್ಕು ತಯಾರಿಕೆಯ ಕೈಪಿಡಿ ಬರೆದರು. ನಮ್ಮ ಬಯಲುಸೀಮೆಯ ಕುಶಲಿಗಳು ಮೆದುಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಟ್ಟಿಗೆ ಚೂರು, ಹಸಿ ಎಲೆಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿ ಇದೇ ಇಂಗಾಲವನ್ನು ಕಬ್ಬಿಣಕ್ಕೆ ತುಂಬುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಆ ಉಕ್ಕಿಗೆ ಇಂಗ್ಲಿಷರು ಇಟ್ಟ ವೂಟ್ಜ್ ಎಂಬ ಹೆಸರು ನಮ್ಮ ಉಕ್ಕು ಎಂಬ ಪದದಿಂದಲೇ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿ, ಅಲ್ಯೂಮಿನಿಯಂ ಅಂಶವೇ ಅದರ ಗುಣಕ್ಕೆ ಕಾರಣವೆಂದು ತಪ್ಪಾಗಿ ತಿಳಿದ. ಆ ತಪ್ಪಿನ ಬೆನ್ನುಹತ್ತಿ 1820ರ ಸುಮಾರಿಗೆ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮುಂತಾದವನ್ನು ಬೆರೆಸಿ ನೋಡುತ್ತ ಹೋದ. ಮಿಶ್ರಲೋಹದ ಉಕ್ಕಿನ ಶಾಸ್ತ್ರೀಯ ಅಧ್ಯಯನ ಹೀಗೆ ತಪ್ಪು ದಾರಿಯಿಂದ ಶುರುವಾಯಿತು.

ಇನ್ನೊಂದೇ ಮಾತು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದಾಗ ಅದಕ್ಕೆ ಆಹಾರ ಮಲೆನಾಡಿನ ಮರದ ಇದ್ದಿಲು. ಮರವನ್ನು ಗಾಳಿ ತಾಗದಂತೆ ಸುಟ್ಟಾಗ ಬರುವ ಹೊಗೆಯನ್ನು ಬಿಡದೆ ತಂಪಾಗಿಸಿ ಟಾರು, ಅಸಿಟೇಟು, ಮರದ ಮದ್ಯಸಾರ ತೆಗೆಯುತ್ತಿದ್ದರು. ಮರದ ಈ ಸಾರವನ್ನು ಬಾಯ್ಲ್ 1661ರಷ್ಟು ಹಿಂದೆಯೇ ಗುರುತಿಸಿದ್ದ. 1834ರಲ್ಲಿ ದ್ಯೂಮಾ ಮತ್ತು ಪೆಲಿಗೊ ಅದರಲ್ಲಿರುವ ಮೂಲವಸ್ತುಗಳ ಪ್ರಮಾಣವನ್ನು ಬಿಡಿಸಿ, ಮದ್ಯ ಮತ್ತು ಮರ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಹೆಸರಿಟ್ಟರು. ಮೇಡಂ, ನಿಮ್ಮ ಮಕ್ಕಳು ಬಾಯಿಪಾಠ ಮಾಡುವ ಮೀಥೈಲ್ ಎಂಬ ಪದ ಬಂದದ್ದು ಅಲ್ಲಿಂದ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಶಂಕರಘಟ್ಟ

ಹಿರಿಯರಿಬ್ಬರ ಬರಹದಿಂದ ಬಹಳ ಕಲಿತೆ. ಮೇಡಂ ಕೇಳಿದ ಲೆಬ್ಲಾಂಕನ ಪ್ರಶ್ನೆಗೆ ನೇರ ಉತ್ತರ: ಹಾಗೆ ಹೇಳಬಾರದು. ಲವಾಸಿಯೆಯ ಸಿದ್ಧಾಂತದಿಂದ ಲೆಬ್ಲಾಂಕನ ವಿಧಾನ ಹುಟ್ಟಲಿಲ್ಲ. ಉಪ್ಪನ್ನು ಗಂಧಕಾಮ್ಲದಿಂದ ಸೋಡಿಯಂ ಸಲ್ಫೇಟ್ ಆಗಿಸುವುದು ಎಲ್ಲರಿಗೂ ತಿಳಿದಿತ್ತು. ಅದನ್ನು ಇದ್ದಿಲಿನ ಜೊತೆ ಕಾಯಿಸಿ ಸೋಡಾ ಪಡೆಯಲು ಇತರರೂ ಹೆಣಗಿದ್ದರು. ಲೆಬ್ಲಾಂಕ್ ಸೇರಿಸಿದ್ದು ಸುಣ್ಣಕಲ್ಲು. ಆ ಕುಲುಮೆಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದರ ಬಗ್ಗೆ ರಸಾಯನಜ್ಞರು ಮುಂದಿನ ಹಲವು ದಶಕ ವಾದಿಸುತ್ತಲೇ ಇದ್ದರು, ಅಷ್ಟರಲ್ಲಿ ಕಾರ್ಖಾನೆಗಳು ಸಾವಿರಾರು ಟನ್ ಸೋಡಾ ಮಾಡಿ ಮಾರಿದ್ದವು. ಲೆಬ್ಲಾಂಕ್ ಮಾತ್ರ ಬರಿಗೈಯಾದ. ಬಂಡವಾಳ ಹಾಕಿದ್ದ ಓರ್ಲಿಯನ್ಸ್ ಡ್ಯೂಕನ ತಲೆಹೋಯಿತು, ಕಾರ್ಖಾನೆ ಸರ್ಕಾರದ ವಶವಾಯಿತು, 1806ರಲ್ಲಿ ಲೆಬ್ಲಾಂಕ್ ಆತ್ಮಹತ್ಯೆ ಮಾಡಿಕೊಂಡ.

ಆದರೆ ಹಳೇ ಕುಲುಮೆಯವರ ಒಂದು ಮಾತಿಗೆ ನನ್ನ ಸಣ್ಣ ತಕರಾರಿದೆ. ಗಾಳಿಯನ್ನು ತೂಗುವುದು ಕಸುಬುದಾರನ ಕೆಲಸವಲ್ಲ ಎಂದಿರಿ. ಮುಂದೆ ಅದು ಅವನದೇ ಕೆಲಸವಾಯಿತು, ಮತ್ತು ಹಾಗೆ ಆದದ್ದರಲ್ಲೇ ಮೇಡಂ ಪ್ರಶ್ನೆಯ ತಿರುಳಿದೆ. ಗಂಧಕಾಮ್ಲದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ.

ಗಂಧಕ ಮತ್ತು ಸ್ವಲ್ಪ ಪೆಟ್ಲುಪ್ಪನ್ನು ಸೇರಿಸಿ ಸುಟ್ಟು, ಬರುವ ಹೊಗೆಯನ್ನು ನೀರಿನಲ್ಲಿ ಹೀರಿಸುವುದು ಹಳೆಯ ವಿಧಾನ. ಗಾಜಿನ ಬುರುಡೆಗಳಲ್ಲಿ ಮಾಡುತ್ತಿದ್ದರು. ಗಾಜನ್ನು ಎಷ್ಟು ದೊಡ್ಡದು ಮಾಡಲಾದೀತು? ವೈದ್ಯಶಾಸ್ತ್ರ ಓದಿದ ಜಾನ್ ರೋಬಕ್, ಸೀಸವನ್ನು ಈ ಆಮ್ಲ ತಿನ್ನುವುದಿಲ್ಲವೆಂಬುದನ್ನು ಬಳಸಿಕೊಂಡು 1746ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸೀಸದ ತಗಡಿನ ಕೋಣೆಯನ್ನೇ ಕಟ್ಟಿದ. ಬೆಲೆ ಇಳಿಯಿತು. ಕೂಡಲೇ ಆಮ್ಲ ಹೊಸ ಜಾಗಗಳಿಗೆ ನುಗ್ಗಿತು. ಬಟ್ಟೆಯನ್ನು ಬಿಳುಪುಗೊಳಿಸಲು ಆಗ ಸ್ಕಾಟ್ಲೆಂಡಿನಲ್ಲಿ ಹುಳಿಮಜ್ಜಿಗೆಯಲ್ಲಿ ದಿನಗಟ್ಟಲೆ ನೆನೆಹಾಕಿ, ಹುಲ್ಲಿನ ಮೇಲೆ ತಿಂಗಳುಗಟ್ಟಲೆ ಹರವುತ್ತಿದ್ದರು. ಮಜ್ಜಿಗೆಯ ಬದಲು ನೀರು ಬೆರೆಸಿದ ಗಂಧಕಾಮ್ಲ ಸಾಕು, ಗಂಟೆಗಳಲ್ಲಿ ಕೆಲಸವಾಗುತ್ತದೆ ಎಂದು ಎಡಿನ್‌ಬರೋದ ಫ್ರಾನ್ಸಿಸ್ ಹೋಮ್ 1756ರಲ್ಲಿ ತೋರಿಸಿದ. ಮಜ್ಜಿಗೆ ಕೆಲಸ ಮಾಡುವುದು ಮಜ್ಜಿಗೆಯಾಗಿ ಅಲ್ಲ, ಆಮ್ಲವಾಗಿ ಎಂದು ಬೇರ್ಪಡಿಸಿ ನೋಡುವುದು ಸಿದ್ಧಾಂತದ ಕೊಡುಗೆ. ಹುಲ್ಲುಗಾವಲಿನ ಕೆಲಸವನ್ನೂ ಕ್ಲೋರಿನ್ ಮಾಡುತ್ತದೆಂದು ಬರ್ತೊಲೆ 1785ರಲ್ಲಿ ಕಂಡುಕೊಂಡ. ಅವನ ಕಾರಣ ತಪ್ಪಾಗಿತ್ತು: ಕ್ಲೋರಿನ್ನಿನಲ್ಲಿ ಆಮ್ಲಜನಕವಿದೆ, ಬಿಸಿಲು ಗಾಳಿಯಂತೆ ಅದೂ ಆಮ್ಲಜನಕವನ್ನೇ ಕೊಡುತ್ತದೆ ಎಂದು ಅವನು ನಂಬಿದ್ದ. ಕ್ಲೋರಿನ್ ಮೂಲವಸ್ತುವೆಂದು ಡೇವಿ ವಾದಿಸಿದ್ದು 1810ರಲ್ಲಿ. ಗ್ಲಾಸ್ಗೋದ ಟೆನಂಟ್ 1799ರಷ್ಟು ಮೊದಲೇ ಬ್ಲೀಚಿಂಗ್ ಪೌಡರಿಗೆ ಹಕ್ಕುಪತ್ರ ಪಡೆದು ವ್ಯಾಪಾರ ಶುರುಮಾಡಿದ್ದ. ಸಿದ್ಧಾಂತ ತಪ್ಪಾಗಿದ್ದರೂ ದಾರಿ ತೋರಿಸಬಲ್ಲದು, ಫ್ಯಾರಡೆಯ ಉಕ್ಕಿನಂತೆ.

ಈಗ ಗಾಳಿಯ ತೂಕಕ್ಕೆ ಬರುತ್ತೇನೆ. ಸೀಸದ ಕೋಣೆಯಲ್ಲಿ ದುಬಾರಿ ಸರಕೆಂದರೆ ಪೆಟ್ಲುಪ್ಪು. ಗಂಧಕಕ್ಕೆ ಬೇಕಾದ ಆಮ್ಲಜನಕವನ್ನೆಲ್ಲ ಅದೇ ಕೊಡುತ್ತದೆಂಬ ಎಣಿಕೆಯಿತ್ತು. ಕ್ಲೆಮಾಂ ಮತ್ತು ದೆಜೊರ್ಮ್ 1806ರಲ್ಲಿ ಲೆಕ್ಕ ಹಾಕಿದಾಗ, ಹಾಕುವ ಪೆಟ್ಲುಪ್ಪಿನಲ್ಲಿರುವ ಆಮ್ಲಜನಕ ಎಳ್ಳಷ್ಟೂ ಸಾಲದೆಂದು ಕಂಡಿತು. ಹಾಗಾದರೆ ಆಮ್ಲಜನಕ ಬರುವುದು ಗಾಳಿಯಿಂದ. ಪೆಟ್ಲುಪ್ಪಿನಿಂದ ಹುಟ್ಟುವ ಕೆಂಪು ಹೊಗೆ ಗಾಳಿಯಿಂದ ಅದನ್ನು ಪಡೆದು ಗಂಧಕದ ಹೊಗೆಗೆ ದಾಟಿಸುತ್ತದೆ, ಮತ್ತೆ ಪಡೆಯುತ್ತದೆ, ಮತ್ತೆ ದಾಟಿಸುತ್ತದೆ. ತಾನು ಖರ್ಚಾಗದೆ ಕೆಲಸ ಮಾಡಿಸುವ ವಸ್ತುವಿನ ಬಗ್ಗೆ ಸ್ಪಷ್ಟವಾಗಿ ಬರೆದ ಮೊದಲ ವಿವರಣೆಗಳಲ್ಲಿ ಇದೂ ಒಂದು. ಬೆರ್ಜೇಲಿಯಸ್ ಅಂಥ ಕ್ರಿಯೆಗಳಿಗೆ ಕೆಟಾಲಿಸಿಸ್ ಎಂಬ ಹೆಸರಿಟ್ಟದ್ದು 1835ರಲ್ಲಿ. ಕಾರ್ಖಾನೆಗೆ ಇದರ ಅರ್ಥ ಬೇರೆ: ಕೆಂಪು ಹೊಗೆ ಖರ್ಚಾಗುವುದಿಲ್ಲವೆಂದ ಮೇಲೆ ಅದನ್ನು ಹೊರಗೆ ಬಿಡುವುದು ದುಡ್ಡನ್ನು ಹೊರಗೆ ಬಿಟ್ಟಂತೆ. ಗೇ-ಲುಸಾಕ್ 1827ರಲ್ಲಿ ಅದನ್ನು ಹಿಡಿದಿಡುವ ಗೋಪುರವನ್ನು ಸೂಚಿಸಿದ. ಹಿಡಿದದ್ದನ್ನು ಮರಳಿ ಬಿಡಿಸುವ ಗೋಪುರವನ್ನು ಗ್ಲೋವರ್ 1859ರಲ್ಲಿ ಕಟ್ಟಿದ ಮೇಲಷ್ಟೇ ಎರಡೂ ಜೊತೆಯಾಗಿ ಹರಡಿದವು. ಸಿದ್ಧಾಂತ ಹೇಳಿ ಐವತ್ತು ವರ್ಷ! ನಡುವೆ ಬೇಕಾದದ್ದು ತಗಡು, ಇಟ್ಟಿಗೆ, ಕೊಳಾಯಿ, ಮತ್ತು ಕೈಯಲ್ಲಿ ಕೆಲಸ ಬಲ್ಲವರು.

ಊದುಕುಲುಮೆಯಲ್ಲೂ ಹಾಗೆಯೇ ಆಯಿತು. ಬುನ್ಸೆನ್ ಮತ್ತು ಪ್ಲೇಫೇರ್ 1845ರಲ್ಲಿ ಇಂಗ್ಲೆಂಡಿನ ಕುಲುಮೆಯೊಂದರ ಬಾಯಿಂದ ಹೊರಬರುವ ಅನಿಲವನ್ನು ಹಿಡಿದು ವಿಶ್ಲೇಷಿಸಿ, ಉರುವಲಿನ ಶಕ್ತಿಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಉರಿಯದ ಅನಿಲವಾಗಿ ಪೋಲಾಗುತ್ತಿದೆಯೆಂದು ತೋರಿಸಿದರು. ಬುನ್ಸೆನ್ನನ ಅನಿಲ ವಿಶ್ಲೇಷಣೆಯ ವಿಧಾನಗಳು ಪಳಗಿದ್ದು ಆ ಹೊಗೆಯ ಮುಂದೆಯೇ.

ಮರುಮಾತು: ತುಂಗೆಯ ದಂಡೆ, ತೀರ್ಥಹಳ್ಳಿ

ಮೂವರಿಗೂ ಧನ್ಯವಾದಗಳು. ಲೆಬ್ಲಾಂಕನ ಕುರಿತು ಬರೆದಿಟ್ಟುಕೊಂಡಿದ್ದ ಟಿಪ್ಪಣಿಯನ್ನು ಹೊಡೆದುಹಾಕಿದೆ. ಒಂದು ಲೆಕ್ಕ ಮಾಡಿ ನೋಡಿದೆ: ಒಂದು ಕಿಲೋ ಮೈಲುತುತ್ತಕ್ಕೆ ಸಿದ್ಧಾಂತದ ಪ್ರಕಾರ ಶುದ್ಧ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ನೀವು ತೋಟದಲ್ಲಿ ಒಂದು ಕಿಲೋ ಹಾಕುತ್ತೀರಿ. ಉಳಿದದ್ದು ವ್ಯರ್ಥವಲ್ಲವೇ? ಮುಂದಿನ ವಾರ ಇದನ್ನು ತರಗತಿಯಲ್ಲೇ ಮಾಡಿ ತೋರಿಸಬೇಕೆಂದಿದ್ದೇನೆ.

ಉತ್ತರ: ತೋಟದ ಮನೆ, ಹೊಸನಗರ

ಶುದ್ಧ ಸುಣ್ಣ ಸಿಕ್ಕರೆ ನಿಮ್ಮ ಲೆಕ್ಕ ಸರಿ, ಮೇಡಂ. ನಮಗೆ ಸಿಗುವುದು ಅರ್ಧ ಬೆಂದ, ಕಲ್ಲು ಬೆರೆತ, ಗಾಳಿಗೆ ತೆರೆದಿಟ್ಟು ಶಕ್ತಿ ಕಳೆದುಕೊಂಡ ಸುಣ್ಣ. ಯಾವ ಮೂಟೆಯಲ್ಲಿ ಎಷ್ಟು ಸತ್ವವಿದೆಯೆಂದು ಯಾರಿಗೂ ತಿಳಿಯದ್ದರಿಂದಲೇ ಸಮಸಮ ಹಾಕಿ, ಅದರ ಮೇಲೂ ನಂಬಿಕೆ ಸಾಲದೆ ಕತ್ತಿ ಅದ್ದುವುದು. ಸುಣ್ಣ ಹೆಚ್ಚಾದರೆ ಕಾಯಿಗೆ ಕೇಡಿಲ್ಲ, ಕಡಿಮೆಯಾದರೆ ಫಸಲು ಹೋದೀತು.

ತರಗತಿಗೆ ಒಂದು ಲೀಟರಿನ ಅಳತೆ ಸಾಕು. ಹತ್ತು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, ಹತ್ತು ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಹೊಯ್ಯುತ್ತ ಕಲಕಿ. ಪಕ್ಕದಲ್ಲಿ ಇನ್ನೊಂದು ಪಾತ್ರೆಗೆ ಒಂದೇ ಗ್ರಾಂ ಸುಣ್ಣ ಹಾಕಿಡಿ, ಅದರಲ್ಲಿ ಕೆಂಪು ಬಂದೇ ಬರುತ್ತದೆ. ಎರಡೂ ಪ್ಲಾಸ್ಟಿಕ್ ಪಾತ್ರೆಗಳಾಗಿರಲಿ. ತುಕ್ಕು ಹಿಡಿಯದ ಸ್ಟೀಲ್ ಚಾಕು ತರಬೇಡಿ, ಅದರ ಮೇಲೆ ತಾಮ್ರ ಕೂರುವುದಿಲ್ಲ. ಸತುವು ಬಳಿದ ಮೊಳೆಯೂ ಬೇಡ. ಹಳೆಯ ಕಬ್ಬಿಣದ ಕತ್ತಿಯನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ, ಒಂದೆರಡು ನಿಮಿಷ ಅದ್ದಿ ಹಿಡಿಯಬೇಕು. ಆ ಹುಡುಗನ ಅಜ್ಜನ ಕತ್ತಿಯನ್ನೇ ತರಿಸಿದರೆ ಇನ್ನೂ ಒಳ್ಳೆಯದು. ಅಜ್ಜ ಬರುವುದಾದರೆ ಅವರೇ ಅದ್ದಲಿ.